ಒಂದು ಮೈಗೆ ಒಂದೇ ಥಾನ

ಹೆಂಡತಿಯ ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ, ಹಳೆಯ ಚಾದರದಲ್ಲಿ ಸುತ್ತಿ, ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿದವನು ನಾನೇ. ಕೆಳಗೆ ಉಳಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪ್ಲೈವುಡ್ ಹಲಗೆ ಹಾಕಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೂರಿಸಿದೆ. ಡೊಂಬಿವಲಿ ಪೂರ್ವದ ನಮ್ಮ ಮನೆಯೆಂದರೆ ಒಂದು ಖೋಲಿ, ಒಂದು ಅಡುಗೆಮನೆ. ಕಿಟಕಿಯ ಬೆಳಕು ಬೀಳುವ ಜಾಗ ಅದೊಂದೇ. ಅಲ್ಲಿ ಕೂತು ಅವಳು ಬಿಲ್ಡಿಂಗಿನ ಹೆಂಗಸರ ಬ್ಲೌಸು ಹೊಲಿಯುತ್ತಿದ್ದಳು.

"ಜೂನ್ ತನಕ ಈ ಜಾಗಾ ನಿಮ್ದು," ಅಂದಳು. "ಸಾಲಿ ಸುರು ಆತಂದ್ರ ಯುನಿಫಾರ್ಮ್ ಹೊಲಿಯೋ ಕೆಲಸ ಬರ್ತೈತಿ, ನನ್ನ ಮಷಿನ್ ಕೆಳಗಿಳೀಬೇಕು. ಅಷ್ಟರಾಗ ನಿಮ್ಮ ಪೆಟಗಿ ದುಡಿದು ತೋರಿಸ್ತು, ಸರಿ. ಇಲ್ಲಂದ್ರ ನೀವು ಮತ್ತ ಟೇಬಲ್ಲಿಗೆ ಹೋಗ್ರಿ."

ಟೇಬಲ್ಲು ಅಂದರೆ ಉಲ್ಹಾಸನಗರದ ಒಂದು ಜೀನ್ಸ್ ಕಾರ್ಖಾನೆಯ ಕಟಿಂಗ್ ಟೇಬಲ್ಲು. ಅಲ್ಲಿ ಹನ್ನೊಂದು ವರ್ಷ ಎರಡನೇ ಕಟರ್ ಆಗಿ ನಿಂತವನು ನಾನು. ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಸಾಲೆ ಬಿಟ್ಟದ್ದು ಏಳನೆಯ ಇಯತ್ತೆಗೆ, ವಿಜಾಪುರ ಜಿಲ್ಲೆಯ ನಮ್ಮ ಊರಲ್ಲಿ. ಆದರೆ ಬಟ್ಟೆ, ಅಂಕಿ ಎರಡೂ ನನ್ನ ಮಾತು ಕೇಳುತ್ತಿದ್ದವು. ಕಾರ್ಖಾನೆಗೆ ಬಿಲ್ಲು ಮಾಡಲು ಕಂಪ್ಯೂಟರ್ ಬಂದಾಗ ಊಟದ ಬಿಡುವಿನಲ್ಲಿ ಅದರ ಮುಂದೆ ಕೂತೆ. ಆಮೇಲೆ ಸ್ಟೇಷನ್ ಹತ್ತಿರದ ಕ್ಲಾಸಿಗೆ ಹೋಗಿ ಬೇಸಿಕ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಅದಕ್ಕೆ ಬೇಕಾದ ಇಂಗ್ಲಿಷ್ ಶಬ್ದಗಳು ಮೂವತ್ತೋ ನಲವತ್ತೋ. ಅಷ್ಟು ಯಾರಾದರೂ ಕಲಿಯಬಹುದು. ಪುಸ್ತಕದ ಉಳಿದ ಇಂಗ್ಲಿಷನ್ನು ಹತ್ತನೆಯ ಇಯತ್ತೆ ಪಾಸಾದ ನನ್ನ ಹೆಂಡತಿ ಓದುತ್ತಿದ್ದಳು. ಅರ್ಥ ಅವಳು ಹೇಳುವಳು, ಮರ್ಮ ನಾನು ಹಿಡಿಯುವೆ.

ಸೇಠನ ಹತ್ತಿರ ಹೋಗಿ ಹೇಳಿದೆ: ಒಂದು ಆರ್ಡರನ್ನು ಹೇಗೆ ಕತ್ತರಿಸಿದರೆ ಬಟ್ಟೆ ಕಡಿಮೆ ಹಾಳಾಗುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಮಾಡಿಕೊಡುತ್ತೇನೆ, ಆದರೆ ಮನೆಯಲ್ಲಿ ಕೂತು ಮಾಡುತ್ತೇನೆ. ಕಾರ್ಖಾನೆಯ ಕಂಪ್ಯೂಟರ್ ಇಡೀ ದಿನ ಬಿಲ್ ಕ್ಲರ್ಕನ ಕೈಯಲ್ಲೇ ಇರುತ್ತಿತ್ತು. ಸೇಠ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೊಡುವುದು ಒಂದೇ ಆರ್ಡರ್, ಅದು ಕೆಟ್ಟರೆ ಮತ್ತೆ ಟೇಬಲ್ಲಿಗೆ ಬರಬೇಕು ಎಂಬುದು ಅವರ ಕರಾರು. "ಏಕ್ ಆರ್ಡರ್ ದೇತಾ ಹೂಂ. ಬಿಗಡಾ, ತೋ ವಾಪಸ್ ಟೇಬಲ್ ಪೇ. ಫಿರ್ ಕಂಪ್ಯೂಟರ್ ಕಾ ನಾಮ್ ನಹೀಂ ಲೇನೇ ಕಾ."

ನನಗೆ ಕತ್ತರಿ ಹಿಡಿಯಲು ಕಲಿಸಿದವರು ಆ ಕಾರ್ಖಾನೆಯ ಹಿರಿಯ ಕಟಿಂಗ್ ಮಾಸ್ಟರ್. ಕಲಬುರಗಿ ಕಡೆಯವರು. ನಾನು ಉಸ್ತಾದ್ ಅನ್ನುತ್ತಿದ್ದೆ. ಅವರಿಗೂ ಹೇಳಿದೆ.

"ಪೆಟಗಿ ಬಟ್ಟಿ ಮುಟ್ಟಿ ನೋಡ್ತದೇನು?" ಅಂತ ಕೇಳಿದರು.

"ಇಲ್ರಿ ಉಸ್ತಾದ್. ಲೆಕ್ಕ ಅಷ್ಟ ಮಾಡ್ತೈತಿ."

"ಮಾಡ್ಲಿ ಬಿಡು. ಲೆಕ್ಕ ಮಾಡೋರು ಭಾಳ ಮಂದಿ ಬಂದು ಹೋದ್ರು."

ಮನೆಯಲ್ಲಿ ಕೂತವನು ಅಂತ ಯಾರೂ ಅನ್ನಬಾರದೆಂದು ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಲ್ಟು ಕಟ್ಟಿ, ಎಂಟಕ್ಕೆ ಸರಿಯಾಗಿ ಹಲಗೆಯ ಮುಂದೆ ಕೂರುತ್ತಿದ್ದೆ. ಬಿಲ್ಡಿಂಗಿನ ಗಂಡಸರೆಲ್ಲ ಲೋಕಲ್ ಹಿಡಿಯಲು ಓಡುವ ಹೊತ್ತು ಅದು. ಆದರೂ ಮಾತು ಬಂತು. ಮೇಲಿನ ಮಹಡಿಯ ಅಕ್ಕ, ಉಡುಪಿ ಕಡೆಯವರು, ಗಂಡ ಹೋಟೆಲ್ ನಡೆಸುತ್ತಿದ್ದರು. ಬಿಲ್ಡಿಂಗಿನಲ್ಲಿ ಫೋನ್ ಇದ್ದದ್ದು ಅವರ ಮನೆಯಲ್ಲಿ. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಯಜಮಾನ್ರಿಗೆ ಹುಷಾರಿಲ್ವಾ ಮಾರಾಯ್ರೆ? ಎರಡು ವಾರ ಆಯ್ತು, ಹೊರಗೆ ಹೋದದ್ದೇ ಕಾಣ್ಲಿಲ್ಲ."

"ಆರಾಮ ಅದಾರ್ರಿ. ಮನ್ಯಾಗ ಕೆಲಸ ಮಾಡಾಕತ್ತಾರ," ಅಂದಳು ನನ್ನಾಕೆ.

"ಮನೆಯಲ್ಲಿ ಎಂತ ಕೆಲಸ?"

"ಪ್ಯಾಂಟ್ ಕಟಿಂಗ್."

ಅಕ್ಕ ಒಳಗೆ ಇಣುಕಿ ನೋಡಿದರು. "ಬಟ್ಟೆಯೇ ಕಾಣೂದಿಲ್ಲ ಅಲ್ವಾ."

ಕೆಲಸ ಏನು ಅಂದರೆ ಇದು. ಬಟ್ಟೆ ಥಾನಗಳಲ್ಲಿ, ಎಂದರೆ ಸುತ್ತಿದ ಉರುಳೆಗಳಲ್ಲಿ, ಬರುತ್ತದೆ, ಒಂದೊಂದರ ಉದ್ದ ಒಂದೊಂದು. ಟೇಬಲ್ಲಿನ ಮೇಲೆ ಪದರದ ಮೇಲೆ ಪದರ ಹಾಸಿ, ಮೇಲೆ ಕಾಲು, ಜೇಬು, ಸೊಂಟದ ಪಟ್ಟಿಗಳ ಆಕಾರ ಬರೆದ ಕಾಗದ ಇಟ್ಟು, ಮಷಿನ್‌ನಿಂದ ಒಮ್ಮೆಗೇ ಕತ್ತರಿಸುತ್ತೇವೆ. ಒಂದು ಹಾಸಿನಲ್ಲಿ, ಎಂದರೆ ಒಂದು ಪದರದ ಉದ್ದದಲ್ಲಿ, ನಾಲ್ಕು ಪ್ಯಾಂಟು ಹಿಡಿಯುತ್ತವೆ. ಯಾವ ನಾಲ್ಕು ಸೈಜು ಜೊತೆಗಿಡಬೇಕು, ಎಷ್ಟು ಪದರ ಹಾಸಬೇಕು, ಯಾವ ಥಾನವನ್ನು ಎಲ್ಲಿ ಮುಗಿಸಬೇಕು? ಉಸ್ತಾದ್ ಇದನ್ನೆಲ್ಲ ಬೀಡಿ ಕಟ್ಟಿನ ಹಿಂದೆ ನಾಲ್ಕು ಗೀಟು ಎಳೆದು ಮುಗಿಸುತ್ತಿದ್ದರು. ಆದರೆ ಪ್ರತಿ ಥಾನದ ಕೊನೆಗೂ ಒಂದು ಪದರಕ್ಕೆ ಸಾಲದ ತುಂಡು ಉಳಿಯುತ್ತಿತ್ತು. ಒಂದು ಆರ್ಡರಿಗೆ ನಾಲ್ಕೈದು ಗೋಣಿಚೀಲ ತುಂಡು.

ನನ್ನ ಮೊದಲ ಪ್ರೋಗ್ರಾಂ ಸೈಜುಗಳ ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಹಚ್ಚಿ ನೋಡುತ್ತಿತ್ತು. ಬೆಳಿಗ್ಗೆ ಓಡಿಸಿದೆ. ಮಧ್ಯಾಹ್ನ ಊಟಕ್ಕೆ ಎದ್ದೆ, ಓಡುತ್ತಿತ್ತು. ಮಗಳು ಕೆಳಗೆ ಆಡಲು ಹೋಗಿ ಬಂದಳು, ಓಡುತ್ತಿತ್ತು. ಸಂಜೆ ಲೈಟು ಹೋಯಿತು. ಅಲ್ಲಿಗೆ ಒಂದು ದಿನ ಮುಗಿಯಿತು. ಮೂರು ದಿನ ಹೀಗೇ. ವಿಚಾರ ಮಾಡುವಾಗ ನನ್ನ ಕಾಲು ತಾನಾಗಿ ಸ್ಟ್ಯಾಂಡಿನ ಪೆಡಲು ತುಳಿಯುತ್ತಿತ್ತು, ಪಟ್ಟೆ ಇಲ್ಲದ ಚಕ್ರ ಖಾಲಿ ತಿರುಗುತ್ತಿತ್ತು. ಚಕ್ರದ ಸದ್ದು ಕೇಳಿದರೆ ಕೆಲಸ ನಿಂತಿದೆ ಎಂದು ಅಡುಗೆಮನೆಯಲ್ಲಿ ಅವಳಿಗೆ ತಿಳಿಯುತ್ತಿತ್ತು. ಚಹಾಕ್ಕೆ ಇಡುವಳು.

ನಾಲ್ಕನೆಯ ದಿನ ಟೇಬಲ್ಲಿನ ನೆನಪು ನೆರವಿಗೆ ಬಂತು. ಉಸ್ತಾದ್ ಯಾವತ್ತೂ ದೊಡ್ಡ ಸೈಜಿನಿಂದ ಸುರು ಮಾಡುತ್ತಿದ್ದರು. ದೊಡ್ಡದು ಕೂತ ಮೇಲೆ ಸಣ್ಣದಕ್ಕೆ ಜಾಗ ತಾನಾಗಿ ಸಿಗುತ್ತದೆ. ಪ್ರೋಗ್ರಾಮಿಗೂ ಅದನ್ನೇ ಕಲಿಸಿದೆ. ಹೊಂದದ ದಾರಿಗಳನ್ನು ಅದು ಮೊದಲ ಹೆಜ್ಜೆಗೇ ಬಿಟ್ಟುಕೊಟ್ಟಿತು. ಇಡೀ ದಿನ ಓಡಿದರೂ ಮುಗಿಯದ ಲೆಕ್ಕ ಅವಳು ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಮುಗಿಯಿತು. ಕ್ಲಾಸಿನ ಮೇಷ್ಟ್ರು ಡಿಗ್ರಿ ಮಾಡಿದವರು. ಅವರಿಗೆ ತೋರಿಸಿದಾಗ ಇದನ್ನು ಯಾವ ಪುಸ್ತಕದಿಂದ ತೆಗೆದೆ ಎಂದು ಕೇಳಿದರು. ಆ ಮಾತು ಇವತ್ತಿಗೂ ನನಗೆ ಹಿತವಾಗಿದೆ.

ಆ ಹಮ್ಮಿನಲ್ಲೇ ಇನ್ನೊಂದು ಯುಕ್ತಿ ಹೊಳೆಯಿತು. ಸೊಂಟದ ಪಟ್ಟಿ ಸಣ್ಣ ತುಂಡಲ್ಲವೇ? ಅದನ್ನು ದೊಡ್ಡ ಹಾಸಿನಿಂದ ತೆಗೆದುಬಿಟ್ಟರೆ ಹಾಸು ಗಿಡ್ಡವಾಗುತ್ತದೆ. ಪಟ್ಟಿಗಳನ್ನೆಲ್ಲ ಥಾನಗಳ ಕೊನೆಯ ತುಂಡುಗಳಲ್ಲಿ ಕತ್ತರಿಸಬಹುದು. ಬರೆದೆ, ಓಡಿಸಿದೆ. ಉಳಿಯುವ ತುಂಡಿನ ಲೆಕ್ಕ ನೋಡಿ ನನಗೇ ನಂಬಿಕೆ ಬರಲಿಲ್ಲ. ಎರಡು ಸಲ ಕೈಯಲ್ಲಿ ಕೂಡಿಸಿ ನೋಡಿದೆ. ಸರಿಯಿತ್ತು.

ಪ್ರೋಗ್ರಾಂ ತುಂಬಿದ ಫ್ಲಾಪಿಯನ್ನು ಎರಡು ರಟ್ಟಿನ ನಡುವೆ ಇಟ್ಟು, ಊಟದ ಡಬ್ಬಿಯೊಳಗೆ ಹಾಕಿಕೊಂಡು ಅಂಬರ್ನಾಥ್ ಲೋಕಲ್ ಹತ್ತಿದೆ. ನೂಕುನುಗ್ಗಲಿನಲ್ಲಿ ನನ್ನ ಪಕ್ಕೆಲುಬು ಮುರಿದರೂ ಅದು ಮುರಿಯಬಾರದಿತ್ತು. ಕಾರ್ಖಾನೆಯ ಪ್ರಿಂಟರಿನಲ್ಲಿ ಮೂರು ಹಾಳೆ ತೆಗೆದೆ. ಇನ್ನೂರ ನಲವತ್ತು ಪ್ಯಾಂಟು, ಐದು ಸೈಜು, ನಾಲ್ಕು ಥಾನ. ಉಸ್ತಾದ್ ಹಾಳೆಯ ಮೇಲೆ ಹೆಬ್ಬೆರಳು ಓಡಿಸುತ್ತ ಒಂದು ಕಡೆ ನಿಂತರು.

"ಪಟ್ಟಿ ಎಲ್ಲಾ ತುಂಡಿನಾಗ?"

"ಹೌದ್ರಿ."

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಕಾಗದ ಹಿಂಗ ಹೇಳ್ತದ?"

"ಹಿಂಗ ಹೇಳ್ತೈತಿ."

"ಹಂಗಾದ್ರ ಹಿಂಗೇ ಕತ್ತರಸ್ತೀನಿ."

ಕತ್ತರಿಸಿದರು. ಸಂಜೆಗೆ ಉಳಿದ ತುಂಡು ಒಂದೇ ಚೀಲ, ಅದೂ ಬಾಯಿ ತನಕ ತುಂಬಿರಲಿಲ್ಲ. ಸೇಠ್ ಅದನ್ನು ಕಾಲಿನಿಂದ ಸರಿಸಿ ನೋಡಿ, "ಬಸ್? ಇತನಾ ಹೀ?" ಅಂದರು. ನಾನು ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಹೊಲಿದ ಜೀನ್ಸು ಆಮೇಲೆ ವಾಷಿಂಗಿಗೆ ಹೋಗುತ್ತದೆ. ಕಲ್ಲು ಹಾಕಿ ತಿರುಗಿಸಿ ತೊಳೆದು ಬಣ್ಣ ಇಳಿಸುತ್ತಾರೆ. ಎಂಟು ದಿನದ ಮೇಲೆ ಮಹಡಿಯ ಅಕ್ಕ ಮೆಟ್ಟಿಲಿನಿಂದ ಕೂಗಿದರು. "ನಿಮ್ಗೆ ಫೋನ್ ಉಂಟು. ಸೇಠ್ ಅಂತೆ. ಗಂಟಲು ಹರಿಯುವ ಹಾಗೆ ಕಿರುಚ್ತಿದ್ದಾರೆ, ಬೇಗ ಬನ್ನಿ."

ಹೋಗಿ ನೋಡಿದರೆ ಟೇಬಲ್ಲಿನ ಮೇಲೆ ತೊಳೆದು ಬಂದ ಪ್ಯಾಂಟಿನ ರಾಶಿ. ಒಂದು ಎತ್ತಿದೆ. ಕಾಲು ತಿಳಿ ನೀಲಿ, ಸೊಂಟದ ಪಟ್ಟಿ ಬೂದಿ ಬಣ್ಣ. ಇನ್ನೊಂದು ಎತ್ತಿದೆ. ಕಾಲು ಬೂದಿ, ಪಟ್ಟಿ ಕಡು ನೀಲಿ. ಒಬ್ಬರ ಪ್ಯಾಂಟಿಗೆ ಇನ್ನೊಬ್ಬರ ಪಟ್ಟಿ ಕಟ್ಟಿದ ಹಾಗಿತ್ತು. ಮೂರನೆಯದನ್ನು ಎತ್ತುವ ಮೊದಲೇ ನನಗೆ ಗೊತ್ತಾಗಿಹೋಗಿತ್ತು.

ಒಂದೇ ಗಿರಣಿಯ, ಒಂದೇ ನಂಬರಿನ ಬಟ್ಟೆಯಾದರೂ ಥಾನದಿಂದ ಥಾನಕ್ಕೆ ಬಣ್ಣ ಕೂದಲೆಳೆಯಷ್ಟು ಬೇರೆ. ತೊಳೆಯದ ಕೋರಾ ಬಟ್ಟೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ತೊಳೆದ ಮೇಲೆ ಕಾಣುತ್ತದೆ. ಅದಕ್ಕೇ ಯಾವ ಕಟರನೂ ಒಂದು ಪ್ಯಾಂಟಿನ ಭಾಗಗಳನ್ನು ಎರಡು ಥಾನದಿಂದ ತೆಗೆಯುವುದಿಲ್ಲ. ಒಂದು ಮೈಗೆ ಒಂದೇ ಥಾನ. ಹನ್ನೊಂದು ವರ್ಷ ನನ್ನ ಕೈಯೂ ಅದನ್ನೇ ಮಾಡಿತ್ತು. ಆದರೆ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ನಾನೂ ಹೇಳಿಕೊಂಡಿದ್ದಿಲ್ಲ. ಮನೆಯ ಹಲಗೆಯ ಮುಂದೆ ನನ್ನ ಎದುರಿಗಿದ್ದದ್ದು ಬರೀ ಅಂಕಿ. ಅಂಕಿಗೆ ಬಣ್ಣವಿರಲಿಲ್ಲ.

ಉಸ್ತಾದರ ಹತ್ತಿರ ಹೋದೆ. "ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ರಿ?"

"ನೀ ಕೇಳಿದೇನು?" ಅಂದರು ತಣ್ಣಗೆ. "ಅವತ್ತು ನೀ ಕೇಳ್ಲಕ ಬಂದಿರಲಿಲ್ಲ. ಹೇಳ್ಲಕ ಬಂದಿದ್ದಿ."

ಅಷ್ಟರಲ್ಲಿ ಸೇಠ್ ಬಂದು ಇಬ್ಬರ ನಡುವೆ ನಿಂತರು. "ಗಲತೀ ಕಿಸಕೀ ಹೈ?"

ತಪ್ಪು ಯಾರದು ಎಂಬುದಕ್ಕೆ ಸುಲಭದ ಉತ್ತರ ಬಾಯಿ ತುದಿಗಿತ್ತು. ಮೂವತ್ತು ವರ್ಷದ ಮಾಸ್ಟರ್ ಕಣ್ಣಾರೆ ಕಂಡು ಕತ್ತರಿ ಹಾಕಿದ್ದಾನೆ ಅಂದಿದ್ದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಪ್ರೋಗ್ರಾಂ ನನ್ನದು ಎಂದು ಎದೆ ತಟ್ಟಿಕೊಂಡವನು ಅದರ ತಪ್ಪನ್ನು ಇನ್ನೊಬ್ಬರ ಕೊರಳಿಗೆ ಹಾಕಿದರೆ ಅದು ನನ್ನದು ಹೇಗಾದೀತು?

"ಮೇರೀ," ಅಂದೆ. "ಪ್ರೋಗ್ರಾಂ ಮೇರಾ ಹೈ." ಸೇಠ್ ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಸೇರಿಸಿದೆ: ನಾಲ್ಕು ದಿನ ಕೊಡಿ, ಇದರಲ್ಲಿ ಹೆಚ್ಚಿನವನ್ನು ನೆಟ್ಟಗೆ ಮಾಡುತ್ತೇನೆ.

ಅದು ಬಡಾಯಿಯಾಗಿರಲಿಲ್ಲ. ಯಾವ ಬಂಡಲ್ಲಿನ ಕಾಲು ಯಾವ ಥಾನದ್ದು, ಪಟ್ಟಿ ಯಾವ ಥಾನದ್ದು ಎಂಬುದೆಲ್ಲ ಆ ಮೂರು ಹಾಳೆಗಳಲ್ಲಿತ್ತು. ಬಂಡಲ್ ನಂಬರು ತೊಳೆದರೂ ಹೋಗದ ಶಾಯಿಯಲ್ಲಿ ಜೇಬಿನ ಒಳಬಟ್ಟೆಯ ಮೇಲಿತ್ತು. ನಾಲ್ಕೂ ಥಾನದ ಪಟ್ಟಿಗಳು ಅಲ್ಲೇ ಇದ್ದವು, ತಪ್ಪು ಸೊಂಟಕ್ಕೆ ಕೂತಿದ್ದವು ಅಷ್ಟೇ. ಬಿಚ್ಚಿ, ಸೈಜು ಮತ್ತು ಥಾನ ಎರಡೂ ಕೂಡುವ ಹಾಗೆ ಅದಲು ಬದಲು ಮಾಡಬೇಕು. ಯಾವುದು ಯಾವುದಕ್ಕೆ ಎಂಬ ಯಾದಿಯನ್ನು ಮನೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು ತೆಗೆದೆ.

ಪ್ಯಾಂಟುಗಳನ್ನು ಟೆಂಪೋದಲ್ಲಿ ಮನೆಗೇ ತಂದೆ. ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಅಟ್ಟದತ್ತ ನೋಡಿ, "ನಿನ್ನ ಮಷಿನ್ ಇಳಿಸಿಬಿಡ್ಲೇನು? ನಾ ಮತ್ತ ಟೇಬಲ್ಲಿಗೆ ಹೋಗ್ತೀನಿ." ಅಂದೆ. ಅವಳು ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಜೂನ್ ಇನ್ನಾ ಬಂದಿಲ್ಲ. ಸುಮ್ನ ಕೂತು ದಾರ ತಗೀರಿ." ಮಹಡಿಯ ಅಕ್ಕ ಕತ್ತರಿ ತಂದು ನಮ್ಮ ಜೊತೆ ಕೂತರು. "ಈಗ ನಂಬಿಕೆ ಬಂತು ಮಾರಾಯ್ರೆ, ನೀವು ಪ್ಯಾಂಟಿನ ಕೆಲಸವೇ ಮಾಡೂದು," ಅಂದರು. ಆ ನಾಲ್ಕು ದಿನಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ಮತ್ತೆ ಹೊಲಿಸಿ ನೋಡಿದಾಗ ಇನ್ನೂರ ನಲವತ್ತರಲ್ಲಿ ಜೋಡಿ ಸಿಗದೆ ಉಳಿದದ್ದು ಹತ್ತೊಂಬತ್ತು. ಸೇಠ್ ಹತ್ತೊಂಬತ್ತನ್ನೂ ಬಿಡಿಸಿ ನೋಡಿದರು, ನನ್ನ ಹಾಳೆಗಳನ್ನೂ ನೋಡಿದರು. ಕೊನೆಗೆ, "ಔರ್ ಏಕ್. ಆಖ್ರೀ," ಅಂದರು.

ಇನ್ನೊಂದೇ ಆರ್ಡರ್, ಅದೇ ಕೊನೆಯದು. ಈ ಸಲ ನಾನು ಕೇಳಲು ಹೋದೆ. ನಮ್ಮ ಕಡೆ ಕಾರ್ಖಾನೆಗಳಿಗೆ ಶುಕ್ರವಾರ ರಜೆ. ಶುಕ್ರವಾರ ನಮಾಜು ಮುಗಿಸಿಕೊಂಡು ಮನೆಗೆ ಬರಬೇಕೆಂದು ಉಸ್ತಾದರನ್ನು ಕರೆದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮುಳಗಾಯಿ ಪಲ್ಯ ಉಂಡರು. ಕಂಪ್ಯೂಟರನ್ನು ದೂರದಿಂದ ನೋಡಿ "ಇದೇ ಏನು?" ಅಂದವರು ಹತ್ತಿರ ಹೋಗಲಿಲ್ಲ.

ನಾನೂ ಅದನ್ನು ಹಚ್ಚಲಿಲ್ಲ. ಹಳೆಯ ಮರಾಠಿ ಪೇಪರುಗಳನ್ನು ಉದ್ದಕ್ಕೆ ಕತ್ತರಿಸಿ, ಮಗಳ ಬಣ್ಣದ ಕಡ್ಡಿಯಿಂದ ನಾಲ್ಕು ಬಣ್ಣ ಬಳಿದು, ನಾಲ್ಕು ಥಾನ ಮಾಡಿಟ್ಟಿದ್ದೆ. ನೆಲದ ಮೇಲೆ ಹರಡಿ, "ಉಸ್ತಾದ್, ಒಂದು ಆರ್ಡರ್ ಕತ್ತರಸ್ರಿ," ಅಂದೆ. ಅವರು ಮೊಣಕಾಲೂರಿ ಕೂತರು. ಕೈ ತಾನಾಗಿ ನಡೆಯಿತು. ಪ್ರತಿ ಸಲ ಅವರ ಕೈ ನಿಂತಲ್ಲಿ, ತಿರುಗಿದಲ್ಲಿ, ನಾನು "ಯಾಕ್ರಿ?" ಅಂದೆ. ಅವರು "ಹಂಗೇ" ಅಂದರು. ಹತ್ತು ಸಲ ಕೇಳಿದರೆ ಹತ್ತು ಸಲವೂ ಹಂಗೇ.

ವಹಿ ಹಿಡಿದು ಬರೆಯಲು ಕೂತಿದ್ದ ನನ್ನಾಕೆ ತಡೆದಳು. "ಚಾಚಾ, ಹಂಗೇ ಅಂದ್ರ ನಾ ಏನಂತ ಬರೀಲಿ? ನನಗ ಕಟಿಂಗ್ ಬರಂಗಿಲ್ಲ. ನನಗ ತಿಳಿಯುವಂಗ ಹೇಳ್ರಿ."

ಉಸ್ತಾದ್ ನಕ್ಕರು. ಪೇಪರು ಕೆಳಗಿಟ್ಟರು. "ನೋಡವ್ವಾ," ಅಂತ ಅವಳ ಕಡೆ ತಿರುಗಿ ಸುರು ಮಾಡಿದರು. ನನಗೆ ಹೇಳುವುದಕ್ಕೆ ಅವರಲ್ಲಿ ಮಾತಿರಲಿಲ್ಲ, ಯಾಕೆಂದರೆ ನನಗೆ ಗೊತ್ತಿರಬೇಕಿತ್ತು. ಅವಳಿಗೆ ಹೇಳಬಹುದಿತ್ತು. ಥಾನದ ಮೊದಲ ಸುತ್ತಿನಲ್ಲಿ ಮಡಿಕೆ ಬಿದ್ದಿರುತ್ತದೆ, ಅದನ್ನು ಮುಂಗಾಲಿಗೆ ಕೊಡಬಾರದು. ತುಂಡಿನಲ್ಲಿ ಪೂರ್ತಿ ಒಂದು ಸಣ್ಣ ಪ್ಯಾಂಟು ಬಂದರೆ ಕತ್ತರಿಸು, ಬರದಿದ್ದರೆ ಅದೇ ಥಾನದ ಜೇಬಿಗಷ್ಟೇ ಇಡು. ಬಟ್ಟೆಯ ಎರಡೂ ಅಂಚಿನ ಬಣ್ಣವೂ ಒಂದೇ ಇರುವುದಿಲ್ಲ, ಒಂದು ಪ್ಯಾಂಟಿನ ಎರಡು ಕಾಲು ಆದಷ್ಟು ಹತ್ತಿರ ಇರಲಿ. ದೀಪ ಹಚ್ಚುವ ಹೊತ್ತಿಗೆ ಅವಳ ದುಂಡನೆಯ ಅಕ್ಷರದಲ್ಲಿ ಇಪ್ಪತ್ತಾರು "ಯಾಕೆ"ಗಳು ಕೂತಿದ್ದವು. ಕೆಲವು ನಾನು ಮರೆತವು. ಏಳೆಂಟು ನನಗೆ ಯಾವತ್ತೂ ಗೊತ್ತೇ ಇಲ್ಲದವು.

ಹಳೆಯದನ್ನು ತಿದ್ದಲಿಲ್ಲ, ಹೊಸದಾಗಿ ಬರೆದೆ. ಮೊದಲಿನದರಲ್ಲಿ ಲೆಕ್ಕದ ಮೂಲ ತುಂಡಾಗಿತ್ತು. ಈಗ ಪ್ಯಾಂಟೇ ಮೂಲ, ಒಂದು ಪ್ಯಾಂಟಿನ ಎಲ್ಲ ಭಾಗಗಳೂ ಒಂದು ಹಗ್ಗಕ್ಕೆ ಕಟ್ಟಿದ ಹಾಗೆ ಒಂದೇ ಥಾನಕ್ಕೆ ಹೋಗಬೇಕು. ಮೂರು ವಾರ ಹಿಡಿಯಿತು. ನಡುವೆ ಜೂನ್ ಬಂತು. ಮಷಿನ್ ಕಿಟಕಿಗೆ ಇಳಿಯಿತು, ನಾನು ಹಲಗೆ ಸಮೇತ ಅಡುಗೆ ಕಟ್ಟೆಯ ಬದಿಗೆ ಸರಿದೆ. ಒಂದು ಕಡೆ ಅವಳ ಹೊಲಿಗೆಯ ಸದ್ದು, ಒಂದು ಕಡೆ ಕುಕ್ಕರಿನ ಸೀಟಿ. ಲೆಕ್ಕ ಅಲ್ಲಿಯೂ ಓಡಿತು. ಈ ಸಲ ಉಳಿಯುವ ತುಂಡು ಒಂದು ಚೀಲವಲ್ಲ, ಎರಡು ಅಂದಿತು ಪ್ರೋಗ್ರಾಂ. ಇರಲಿ ಅಂದೆ.

ಹಾಳೆಗಳನ್ನು ಕೊಟ್ಟು ಬಂದ ಮರುದಿನ ಫೋನ್ ಬಂತು. ಮೆಟ್ಟಿಲು ಎರಡೆರಡು ಹಾರಿ ಹೋದೆ. ಸೇಠ್ ಅಲ್ಲ, ಉಸ್ತಾದ್. ಫೋನಿನಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು.

"ಏಳನೇ ಸಾಲು ತಪ್ಪು ಅದ," ಅಂದರು. "ಮೂರನೇ ಥಾನ ನಡುವ ಹರದದ, ಗಿರಣಿಯವ್ರು ಎರಡು ತುಂಡು ಸೇರಿಸಿ ಸುತ್ಯಾರ. ನಿನ್ನ ಕಾಗದ ಒಂದೇ ಅಂತ ತಿಳದದ."

"ಕತ್ತರಿ ಹಾಕಿದ್ರೇನ್ರಿ?"

"ಹಾಕಿಲ್ಲ. ಮಷಿನ್ ಬಂದ್ ಮಾಡಿ ಕೂತೀನಿ. ನೀ ನೋಡು. ಎಷ್ಟೊತ್ತಾದ್ರೂ ಕೂತಿರ್ತೀನಿ."

ಎರಡೂ ತುಂಡಿನ ಅಳತೆ ಕೇಳಿಕೊಂಡು ಕೆಳಗೆ ಬಂದೆ. ಹರಿದ ಥಾನವನ್ನು ಎರಡು ಥಾನವೆಂದು ಹಿಡಿಯುವ ಹಾಗೆ ತಿದ್ದಿ, ಓಡಿಸಿ, ಹೊಸ ಅಂಕಿಗಳನ್ನು ಬರೆದುಕೊಂಡು ಮತ್ತೆ ಮೇಲೆ ಹೋದೆ. ನಾನು ಹೇಳಿದೆ, ಅವರು ಒಂದೊಂದನ್ನೇ ತಿರುಗಿ ಹೇಳುತ್ತ ಬರೆದುಕೊಂಡರು. ಕೊನೆಯ ಅಂಕಿ ಆದ ಮೇಲೆ, "ಈಗ ಸರಿ ಅದ," ಅಂದು ಫೋನ್ ಇಟ್ಟರು.

ವಾಷಿಂಗಿನಿಂದ ಮಾಲು ಬಂದ ದಿನ ಕಾರ್ಖಾನೆಗೆ ಹೋದೆ. ಸೇಠ್ ಒಂದೊಂದನ್ನೇ ಬಾಗಿಲ ಬಿಸಿಲಿಗೆ ಒಯ್ದು, ಪಟ್ಟಿಯನ್ನು ಕಾಲಿನ ಮೇಲೆ ಮಡಚಿ ಹಿಡಿದು ನೋಡಿದರು. ಮೂವತ್ತರ ತನಕ ನಾನು ಎಣಿಸಿದೆ. ಆಮೇಲೆ ಅವರೇ ನೋಡುವುದನ್ನು ಬಿಟ್ಟರು. ಉಸ್ತಾದ್ ಟೇಬಲ್ಲಿನ ಮೇಲೆ ಮುಂದಿನ ಬಟ್ಟೆ ಹಾಸುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು, "ಸೇಠ್, ಇಸಕೋ ಟೇಬಲ್ ಪೇ ಮತ್ ಬುಲಾವ್. ಘರ್ ಮೇ ಅಚ್ಛಾ ಕಾಮ್ ಕರ್ತಾ ಹೈ."

ನನ್ನನ್ನು ಟೇಬಲ್ಲಿಗೆ ಕರೆಯುವುದು ಬೇಡ, ಮನೆಯಲ್ಲೇ ಒಳ್ಳೆಯ ಕೆಲಸ ಮಾಡುತ್ತೇನೆ ಎಂಬ ಮಾತಿಗೆ ಸೇಠ್ ಒಪ್ಪಿದರು. ಮುಂದಿನ ಆರ್ಡರಿನ ಚೀಟಿ ನನ್ನ ಕೈಗೆ ಕೊಟ್ಟು, ಪಕ್ಕದ ಗಲ್ಲಿಯ ಇನ್ನೊಂದು ಕಾರ್ಖಾನೆಯವರೂ ಕೇಳುತ್ತಿದ್ದಾರೆ, ನೋಡು ಅಂದರು.

ಎರಡು ಗಂಟೆಗೆ ಸ್ಟೇಷನ್ನಿಗೆ ಬಂದೆ. ಹನ್ನೊಂದು ವರ್ಷ ಆ ದಾರಿಯಲ್ಲಿ ಬೆಳಿಗ್ಗೆ ನಿಂತು ಹೋಗಿ ಸಂಜೆ ನಿಂತು ಬಂದವನು. ಹಗಲಿನ ಆ ಲೋಕಲ್ ಅರ್ಧ ಖಾಲಿ ಇತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತೆ, ಡಬ್ಬಿಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಚೀಟಿ ಬಿಡಿಸಿದೆ. ಆರು ಸೈಜು, ಐದು ಥಾನ. ಕಲ್ಯಾಣ ಬರುವಷ್ಟರಲ್ಲಿ ದೊಡ್ಡ ಸೈಜು ಎಲ್ಲಿ ಕೂರಬೇಕು ಎಂಬುದು ಹೊಳೆದಿತ್ತು. ಚೀಟಿಯ ಹಿಂದೆ ಗೀಟು ಎಳೆದು ಗುರುತು ಹಾಕಿಕೊಂಡೆ.